ಧೈರ್ಯ: ಐದು

ಅಂಗೈ ಊರಿ ಮೂರು ನಿಮಿಷ ಅಲುಗದೆ ಕೂರಬೇಕು ಎಂದು ಹಲಗೆಯ ಅಂಚಿನಲ್ಲಿ ಬರೆದಿತ್ತು. ಸಾವಂತ್ರಿ ಅಂಗೈ ಊರಿದಳು. ಊಟದ ತಟ್ಟೆಯಷ್ಟೇ ಅಗಲದ ಆ ಹಲಗೆ ತಣ್ಣಗಿತ್ತು. ಅದು ಅವಳ ನಾಡಿ ಎಣಿಸಿತು, ಬೆರಳ ತುದಿಯ ಬೆವರನ್ನು ಅಳೆಯಿತು, ನಡುವೆ ಎರಡು ಸಲ ಥಟ್ಟೆಂದು ಸದ್ದು ಮಾಡಿ ಅವಳು ಎಷ್ಟು ಬೆಚ್ಚುತ್ತಾಳೆಂದು ನೋಡಿಕೊಂಡಿತು. ಕೊನೆಗೆ ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ದನಿ ಎಲ್ಲಿ ನಡುಗಿತೆಂದು ಗುರುತಿಸಿತು. ಆಮೇಲೆ ಪಕ್ಕದ ಸೀಳಿನಿಂದ ಒಂದು ಹಾಳೆ ಹೊರಬಂತು.

ಬಲ ಹನ್ನೊಂದು. ಚುರುಕು ಹದಿನಾಲ್ಕು. ಬುದ್ಧಿ ಹದಿಮೂರು. ತಾಳ್ಮೆ ಹನ್ನೆರಡು. ಮಾತು ಆರು. ಧೈರ್ಯ ಐದು.

ಹಾಳೆಯ ಮೇಲ್ತುದಿಯಲ್ಲಿ ಅವಳಿಗೆ ಒಪ್ಪುವ ಪಾತ್ರವೂ ಅಚ್ಚಾಗಿತ್ತು. ಕುಲ: ಗುಹ್ಯಕ, ಬೆಟ್ಟದಡಿ ನಿಧಿ ಕಾಯುವ ಯಕ್ಷರ ಕುಲ. ವೃತ್ತಿ: ಉಗ್ರಾಣ ಕಾಯುವವಳು.

"ಮತ್ತ ಐದ," ಎಂದಳು ಸಾವಂತ್ರಿ, ತನಗಷ್ಟೇ ಕೇಳುವಂತೆ.

ಇದು ಎರಡು ಸಾವಿರದ ಐವತ್ತೆಂಟರ ಮಾತು. ಗದಗಿನ ಬೆಟಗೇರಿಯಲ್ಲಿ ಬಾಷಾಸಾಬ ನದಾಫರ ಮುದ್ರಣಾಲಯದ ಹಿಂದಿನ ಕೋಣೆ. ಭಾನುವಾರ, ಊಟ ಮುಗಿದ ಹೊತ್ತು. ಆ ಹಲಗೆಯ ಹೆಸರು ಪಡಿಯಚ್ಚು. ನಾಡಿನ ತುಂಬ ಈಗ ಅದರ ಲಕ್ಷಾಂತರ ಪ್ರತಿಗಳಿದ್ದರೂ ಮೊಟ್ಟಮೊದಲು ತಯಾರಾದದ್ದು ಇದೇ, ಇದೇ ಮೇಜಿಗಾಗಿ.

ಆ ಮೇಜಿನ ಮೇಲೆ 'ಹನ್ನೆರಡು ಕಣಿವೆ' ಎಂಬ ಆಟ ನಡೆಯುತ್ತಿತ್ತು. ಪಟವಿಲ್ಲದ, ಕಾಯಿಯಿಲ್ಲದ ಆಟ. ಸೂತ್ರಧಾರನೊಬ್ಬ ಕತೆ ಹೇಳುತ್ತ ಹೋಗುತ್ತಾನೆ, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ, ಫಲ ಏನೆಂಬುದನ್ನು ದಾಳ ತೀರ್ಮಾನಿಸುತ್ತದೆ. ಪ್ರತಿಯೊಬ್ಬರ ಪಾತ್ರಕ್ಕೂ ಒಂದು ಹಾಳೆ, ಅದರಲ್ಲಿ ಆರು ಗುಣ, ಆರು ಅಂಕಿ. ಮೂರು ದಾಳ ಒಟ್ಟಿಗೆ ಎಸೆದರೆ ಮೂರರಿಂದ ಹದಿನೆಂಟರ ತನಕ ಬರುತ್ತದಲ್ಲ, ಅದೇ ಲೆಕ್ಕ; ಹತ್ತು ಅಂದರೆ ಸಾಧಾರಣ. ಹೊಸಬರು ಕುಲ ಆರಿಸಿ, ವೃತ್ತಿ ಆರಿಸಿ, ಅಂಕಿ ಹಂಚಿಕೊಂಡು ಪಾತ್ರ ಕಟ್ಟಿಕೊಳ್ಳುವಷ್ಟರಲ್ಲಿ ಎರಡು ತಾಸು ಕಳೆಯುತ್ತಿತ್ತು. ಅದನ್ನು ಮೂರು ನಿಮಿಷಕ್ಕೆ ಇಳಿಸಲು ಡಾಕ್ಟರ್ ನೀಲಾಂಬಿಕಾ ಹೊಂಬಳ ಹತ್ತೊಂಬತ್ತು ವರ್ಷದ ಹಿಂದೆ ಪಡಿಯಚ್ಚನ್ನು ಮಾಡಿದರು. ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು, ರಜೆ ಇದ್ದಾಗ ಇಲ್ಲಿ ಬಂದು ಆಡುತ್ತಿದ್ದರು. ಈಗ ಅರವತ್ತೊಂದು ದಾಟಿದ್ದಾರೆ, ಈಗಲೂ ಆಡುತ್ತಾರೆ; ಇವತ್ತೂ ಮೇಜಿನ ಆ ತುದಿಯಲ್ಲಿ ಕೂತಿದ್ದರು.

ಆದರೆ ಹಲಗೆ ಆಟದಲ್ಲಿ ನಿಲ್ಲಲಿಲ್ಲ. ಮೊದಲು ಒಂದು ಶಾಲೆ ಅದನ್ನು ತರಿಸಿತು, ಆಮೇಲೆ ವಿಮೆಯವರು, ಆಮೇಲೆ ವಧೂವರರ ಕೇಂದ್ರಗಳು, ಕೊನೆಗೆ ಕೆಲಸ ಕೊಡುವವರೆಲ್ಲ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕಂಪನಿಗೆ ಕಂಬ ಹತ್ತಿ ರೆಕ್ಕೆ ದುರಸ್ತಿ ಮಾಡುವವರು ಬೇಕಿತ್ತು. ಸಾವಂತ್ರಿ ಆ ಕೆಲಸಕ್ಕೆ ಬೇಕಾದ ಎರಡು ವರ್ಷದ ಓದು ಮುಗಿಸಿದ್ದಳು. ಬೋಲ್ಟು, ಬೇರಿಂಗು, ನಾರಿನ ತೇಪೆ ಎಲ್ಲ ಅವಳ ಕೈಗೆ ಬಂದಿದ್ದವು. ಆದರೆ ಧೈರ್ಯ ಒಂಬತ್ತಕ್ಕಿಂತ ಕಡಿಮೆ ಇದ್ದವರಿಗೆ ಕಂಬ ಹತ್ತುವಾಗ ಹಗ್ಗಕ್ಕೆ ಕೊಂಡಿ ಹಾಕುವ ಸೊಂಟಪಟ್ಟಿ ಕೊಡಬಾರದೆಂದು ನಿಯಮ. ಮೂರು ಸಲ ಅಳೆಸಿಕೊಳ್ಳಬಹುದಿತ್ತು. ಎರಡು ಸಲ ಐದೇ ಬಂದಿತ್ತು. ಮೂರನೆಯದನ್ನು ಈ ಮೊದಲ ಯಂತ್ರಕ್ಕೆಂದೇ ಉಳಿಸಿಕೊಂಡು, ಅದು ಬೇರೆ ಏನಾದರೂ ಹೇಳೀತೇ ಎಂದು ಅವಳು ಇಲ್ಲಿಗೆ ಬಂದಿದ್ದಳು. ಮಂಗಳವಾರ ಅರ್ಜಿಯ ಕೊನೆಯ ದಿನ.

"ಹಾಳಿ ಬಂದಽ ಬಂತು, ಎದ್ದು ಹೋಗೂದ್ಯಾಕ," ಎಂದರು ಬಾಷಾಸಾಬ. ಎಪ್ಪತ್ತು ದಾಟಿದ ಅವರೇ ಸೂತ್ರಧಾರರು. "ಕುಂದ್ರು ತಂಗಿ. ನಮ್ಮ ಉಗ್ರಾಣಕ್ಕ ಆರು ತಿಂಗಳಿಂದ ಕಾಯಾಕ ಯಾರೂ ಇಲ್ಲ, ಇಲಿ ಹೆಚ್ಚಾಗ್ಯಾವು."

ಸಾವಂತ್ರಿ ಕೂತಳು. ಅಪರಿಚಿತರ ನಡುವೆ ಎದ್ದು ಹೋಗುವುದೂ ಅವಳಿಗೆ ಕೂರುವಷ್ಟೇ ಕಷ್ಟದ ಕೆಲಸ.

ಎದುರಿಗೆ ಬಸ್ ಚಾಲಕ ಫಕೀರೇಶ ಗಾಣಿಗೇರ ಕೂತಿದ್ದ, ಐವತ್ತರ ದಪ್ಪ ಆಳು. ಅವಳು ಸಂಕೋಚದಿಂದಲೇ ಮಿರ್ಚಿಯ ತಟ್ಟೆ ಅವನತ್ತ ಸರಿಸಿದಳು. ಅವನು ಗಂಭೀರವಾಗಿ ತಲೆ ಅಲ್ಲಾಡಿಸಿದ.

"ಬೆಂಕಿ ತಾಗಿದ್ದನ್ನ ನಮ್ಮ ಕುಲದಾಗ ತಿನ್ನಂಗಿಲ್ಲ ಗುಹ್ಯಕಿ. ಮೋಡದ ಕುದುರಿ ಸವಾರರು ನಾವು. ಇಬ್ಬನಿ ಇದ್ರ ಕೊಡು."

ಹಾಗೆಂದವನೇ ತನ್ನ ಹಾಳೆಯನ್ನು ಬೋರಲು ಹಾಕಿ, ಎರಡು ಮಿರ್ಚಿ ತಿಂದು, ಕೈ ಒರೆಸಿ, ಹಾಳೆಯನ್ನು ಮತ್ತೆ ಅಂಗಾತ ಇಟ್ಟ.

"ಗಾಬರಿ ಆಗಬ್ಯಾಡ," ಎಂದರು ಬಾಷಾಸಾಬ. "ಈ ಮೇಜಿನ ಪದ್ಧತಿ ಅದು. ಹಾಳಿ ಅಂಗಾತ ಇರೂ ತನಕ ಏನ ಕೇಳಿದ್ರೂ ಪಾತ್ರನ ಉತ್ತರ ಕೊಡಬೇಕು. ಮನಿಯಿಂದ ಫೋನ್ ಬಂದ್ರೂ ಅಷ್ಟ. ಇವನ ಹೆಂಡ್ತಿ ಒಮ್ಮಿ ಅಕ್ಕಿ ತರ್ರಿ ಅಂತ ಫೋನ್ ಮಾಡಿದ್ಲು, ಇಂವ ಆಕಿಗೆ ಮೋಡದೂರಿನ ಸುಂಕ ಕೇಳ್ಯಾನ."

"ಅಕ್ಕಿ ತಂದೆ, ಸುಂಕ ಬರಲಿಲ್ಲ," ಎಂದ ಫಕೀರೇಶ.

ಸಾವಂತ್ರಿಗೆ ನಗು ಬಂತು. ತನ್ನ ಹಾಳೆಯನ್ನು ನೋಡಿದರೆ ನಗು ಉಳಿಯಲಿಲ್ಲ. ಉಗ್ರಾಣ ಕಾಯುವವಳು. ಕತೆಯಲ್ಲಿ ಮುಂದಿದ್ದದ್ದು ಏಳಾಳೆತ್ತರದ ಕೋಟೆಗೋಡೆ. ಅದನ್ನು ಏರಬೇಕಾದರೆ ಧೈರ್ಯ ಹನ್ನೆರಡು ಬೇಕು. ಅವಳು ಕೆಳಗೆ ಜೋಳದ ಚೀಲ ಎಣಿಸುತ್ತ ಕೂತಿರಬೇಕು. ಊರಿನಲ್ಲೂ ಅದೇ, ಕಂಪನಿಯ ಅಂಗಳದಲ್ಲೂ ಅದೇ, ಇಲ್ಲದ ಕಣಿವೆಯಲ್ಲೂ ಅದೇ.

ಅವಳ ಮುಖ ನೋಡಿ ಬಾಷಾಸಾಬ ನಿಯಮಪುಸ್ತಕದ ಹಿಂಭಾಗ ತೆರೆದು ಅವಳತ್ತ ತಳ್ಳಿದರು. ಅಲ್ಲಿ ಐಚ್ಛಿಕ ನಿಯಮಗಳಿದ್ದವು, ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ ಎಂಬಂಥವು. ಮಳೆಯ ದಿನ ಬಾಣದ ಗುರಿ ಎರಡು ಅಂಕ ಕಡಿಮೆ. ಕುಂದೊಂದನ್ನು ತಾನಾಗಿ ಒಪ್ಪಿಕೊಂಡವರಿಗೆ ಒಂದು ಗುಣ ಹೆಚ್ಚು. ಸತ್ತ ಪಾತ್ರ ಮೂರು ಆಟದ ಮೇಲೆ ಬೇರೆ ಹೆಸರಿನಲ್ಲಿ ಬರಬಹುದು. ಕೊನೆಯದು ಹದಿನೇಳನೆಯದು: ಆಟಗಾರರು ತಮ್ಮ ಹಾಳೆಯ ಒಂದು ಅಂಕಿಯನ್ನು ಹೊಡೆದುಹಾಕಬಹುದು, ಮುಂದೆ ಆ ಜಾಗದಲ್ಲಿ ಏನಿರಬೇಕೆಂಬುದು ಅವರಿಗೇ ಬಿಟ್ಟದ್ದು, ಹೊಣೆಯೂ ಅವರದೇ.

"ಇದು," ಎಂದು ಸಾವಂತ್ರಿ ಬೆರಳಿಟ್ಟಳು.

ಐಚ್ಛಿಕ ನಿಯಮ ಜಾರಿಯಾಗಬೇಕಾದರೆ ಆಡುವವರೆಲ್ಲರೂ ತಮ್ಮ ದಾಳವನ್ನು ಪುಸ್ತಕದ ಮೇಲಿಡಬೇಕು. ಒಬ್ಬರು ಇಡದಿದ್ದರೂ ಆವತ್ತಿಗೆ ಆ ನಿಯಮ ಇಲ್ಲ. ಸಾವಂತ್ರಿ ಇಟ್ಟಳು. ಫಕೀರೇಶ ಇಟ್ಟ. ನೀಲಾಂಬಿಕಾ ಮಾತ್ರ ದಾಳವನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು.

"ಉಳಿದ ಹದಿನಾರಕ್ಕೂ ಇಡ್ತೀನಿ," ಎಂದರು. "ಇದೊಂದು ಬ್ಯಾಡ."

"ಹತ್ತೊಂಬತ್ತು ವರ್ಷ ಆತು, ಇದ ಮಾತು," ಎಂದ ಫಕೀರೇಶ. "ದಾಳಕ್ಕ ಬೆವರು ಬಂದು ಚುಕ್ಕಿ ಅಳಿಸ್ಯಾವು."

ಬೇರೆ ದಿನವಾಗಿದ್ದರೆ ಸಾವಂತ್ರಿ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಆದರೆ ಆ ಮುಚ್ಚಿದ ಮುಷ್ಟಿಯೊಳಗೆ ಇದ್ದದ್ದು ದಾಳವಲ್ಲ, ತನ್ನ ಎರಡು ವರ್ಷ ಎಂದು ಅವಳಿಗೆ ಅನ್ನಿಸಿತು.

"ಯಾಕ ಬ್ಯಾಡ್ರಿ?"

"ಅಳದು ಬಂದದ್ದನ್ನ ಮನಸ್ಸಿಗೆ ಬಂದಂಗ ಹೊಡದು ಹಾಕಿದ್ರ ಅಳತಿ ಯಾಕ ಬೇಕವ್ವಾ?" ನೀಲಾಂಬಿಕಾ ಸಿಟ್ಟಿನಿಂದೇನೂ ಹೇಳಲಿಲ್ಲ, ತರಗತಿಯಲ್ಲಿ ಹೇಳಿ ಹೇಳಿ ನುಣುಪಾದ ದನಿ ಅದು. "ಜ್ವರ ನೂರಾ ಮೂರು ಬಂತು. ನಾ ಅದನ್ನ ಹೊಡದು ತೊಂಬತ್ತೆಂಟು ಅಂತ ಬರಕೊಂಡೆ. ಜ್ವರ ಇಳೀತೈತೇನು?"

"ಜ್ವರಕ್ಕ ತೊಂಬತ್ತೆಂಟು ಸರಿ ಅಂತ ಯಾರನ್ನ ನೋಡಿ ಗೊತ್ತು ಮಾಡಿದ್ರು?"

"ಆರೋಗ್ಯ ಇದ್ದವರನ್ನ ನೋಡಿ."

"ಧೈರ್ಯಕ್ಕ ಹತ್ತು ಅಂತ ನೀವು ಯಾರನ್ನ ನೋಡಿ ಗೊತ್ತು ಮಾಡಿದ್ರಿ?"

ನೀಲಾಂಬಿಕಾ ಮುಗುಳ್ನಕ್ಕರು. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಮೇಷ್ಟ್ರು ನಗುವಂತೆ.

"ಇಲ್ಲೇ, ಇದ ಮೇಜಿನ ಮ್ಯಾಲ. ಮೂರು ತಿಂಗಳು ಆಡಾಕ ಬಂದವರನ್ನೆಲ್ಲ ಅಳದ್ವಿ. ಇನ್ನೂರಾ ಹನ್ನೆರಡು ಮಂದಿ. ಒಂದು ಕೈ ಹಲಗಿ ಮ್ಯಾಲ, ಇನ್ನೊಂದು ಕೈಯಾಗ ಪ್ರಶ್ನಾವಳಿ. ಎತ್ತರಕ್ಕ ಅಂಜತೀರೇನು, ಕತ್ತಲಿಗೆ ಅಂಜತೀರೇನು ಅಂತ. ಅವರು ಗುರುತು ಮಾಡಿದ್ದಕ್ಕೂ ನಾಡಿಗೂ ಬೆವರಿಗೂ ಏನು ಸಂಬಂಧ ಅಂತ ಯಂತ್ರಕ್ಕ ಕಲಿಸಿದ್ವಿ. ಅವರೆಲ್ಲರ ಸರಾಸರೀನ ಹತ್ತು. ಕಾಗದ ಇನ್ನೂ ಇಲ್ಲೇ ಅದಾವು, ಹೌದಲ್ಲ ಬಾಷಾ?"

"ಪ್ರೆಸ್ಸಿನಾಗ ಕಾಗದ ಎಲ್ಲಿಗೆ ಹೋಗತಾವು," ಎಂದು ಬಾಷಾಸಾಬ ಎದ್ದರು. ಮೇಲಿನ ಕಪಾಟಿನಿಂದ ದಾರ ಕಟ್ಟಿದ ಕಟ್ಟೊಂದನ್ನು ಇಳಿಸಿ, ಧೂಳು ಝಾಡಿಸಿ, ಸಾವಂತ್ರಿಯ ಮುಂದಿಟ್ಟರು.

ಪ್ರತಿ ಹಾಳೆಯಲ್ಲಿ ಮೂವತ್ತು ಪ್ರಶ್ನೆ, ಪ್ರತಿ ಪ್ರಶ್ನೆಗೆ ಐದು ಚೌಕ, ಪಕ್ಕದಲ್ಲಿ ಏನಾದರೂ ಬರೆಯುವುದಿದ್ದರೆ ಬರೆಯಲು ಅಂಚು. ಸಾವಂತ್ರಿ ಮೊದಲ ಹಾಳೆ ಓದಿದಳು. ಎರಡನೆಯದು ಓದಿದಳು. ಮೂರನೆಯದಕ್ಕೆ ಬಂದಾಗ ಹಿಂದಿರುಗಿ ಮೊದಲನೆಯದನ್ನೇ ಮತ್ತೊಮ್ಮೆ ಓದಿದಳು.

"ಇದರಾಗ ಅಂಚಿನ ಮಾತನ್ನ ಯಾರರ ಓದಿದ್ರೇನ್ರಿ?"

"ಯಂತ್ರ ಚೌಕ ಅಷ್ಟ ಓದತಿತ್ತು," ಎಂದರು ನೀಲಾಂಬಿಕಾ. "ಯಾಕ?"

ಸಾವಂತ್ರಿ ಗಟ್ಟಿಯಾಗಿ ಓದಿದಳು. ಎತ್ತರದ ಜಾಗದಲ್ಲಿ ಅಂಜಿಕೆಯಾಗುತ್ತದೆಯೇ? ಎಂದೂ ಇಲ್ಲ. ಅಂಚಿನಲ್ಲಿ: 'ಎರಡು ಸಲ ಮೋಡದಿಂದ ಬಿದ್ದಿದ್ದೇನೆ, ಕುದುರೆ ಬಂದು ಹಿಡಿಯಿತು.' ಕೆಳಗೆ ಸಹಿ, ಫಕೀರೇಶ ಗಾಣಿಗೇರ. ಇನ್ನೊಂದು ಹಾಳೆ: ಕತ್ತಲಲ್ಲಿ ಒಬ್ಬರೇ ಹೋಗಬಲ್ಲಿರಾ? ಸದಾ. 'ಬೆಟ್ಟದ ಅಡಿಯಲ್ಲಿ ಹುಟ್ಟಿದವಳಿಗೆ ಕತ್ತಲೆ ಎಂದರೇನು.' ಮತ್ತೊಂದು: ಹತ್ತು ಜನರ ಮುಂದೆ ಮಾತಾಡಲು ಅಳುಕುಂಟೇ? ಎಂದೂ ಇಲ್ಲ. 'ಮೂರು ತಲೆಯ ಅರಸನ ಮುಂದೆ ಮಾತಾಡಿದ್ದೇನೆ, ಒಂದೊಂದು ತಲೆಗೆ ಒಂದೊಂದು ಭಾಷೆಯಲ್ಲಿ.'

ನೀಲಾಂಬಿಕಾ ಕಟ್ಟನ್ನು ತಮ್ಮತ್ತ ಎಳೆದುಕೊಂಡರು. ಕನ್ನಡಕ ಸರಿಪಡಿಸಿಕೊಂಡು ಹಾಳೆಯ ಮೇಲೆ ಹಾಳೆ ತಿರುವಿದರು. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದರು.

"ಫಕೀರೇಶ, ಇದನ್ನ ಹಿಂಗ್ಯಾಕ ಬರದಿ?"

"ನಿಮ್ಮ ಹುಡುಗ್ರು ಆಟದ ನಡುವ ಬಂದು ಕೊಟ್ರು ಅಕ್ಕಾ. ಹಾಳಿ ಅಂಗಾತ ಇತ್ತು." ಅವನಿಗೆ ಅದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ. "ಅಂಗಾತ ಇದ್ದಾಗ ಕೇಳಿದ್ರ ನಾ ಫಕೀರೇಶ ಹ್ಯಾಂಗ ಆಗ್ಲಿ?"

"ಈಗ ಬೋರಲ ಹಾಕು. ಖರೇ ಹೇಳು. ಎತ್ತರಕ್ಕ ಅಂಜತೀ ಏನು?"

ಫಕೀರೇಶ ಹಾಳೆಯನ್ನು ಬೋರಲು ಹಾಕಿದ. "ಮಾಳಗಿ ಮ್ಯಾಲ ಸಂಡಿಗಿ ಹಾಕಾಕ ಹತ್ತಿದ್ರ ಕಾಲು ನಡಗತಾವ್ರಿ. ಹೆಂಡ್ತಿನ ಹಾಕತಾಳ. ನಾ ಕೆಳಗ ನಿಂತು ಕಾಗಿ ಓಡಸ್ತೀನಿ."

ನೀಲಾಂಬಿಕಾರ ತುಟಿ ಎಣಿಕೆ ಮಾಡುವವರಂತೆ ಅಲುಗುತ್ತಿತ್ತು. ಪಡಿಯಚ್ಚು ಹೇಳುವ ಪ್ರಕಾರ ನಾಡಿನ ಸರಾಸರಿ ಧೈರ್ಯ ಐದೂಕಾಲು. ಯಾಕೆ ಇಷ್ಟು ಕಡಿಮೆ ಎಂಬುದಕ್ಕೆ ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ವಿವರಣೆ ಬಂದಿದ್ದವು: ಮಕ್ಕಳನ್ನು ಬೆಳೆಸುವ ರೀತಿ, ತಿನ್ನುವ ಅನ್ನ, ದಿನವಿಡೀ ಪರದೆ ನೋಡುವ ಚಾಳಿ. ಅಳ್ಳೆದೆಯ ಪೀಳಿಗೆ ಎಂದು ಪತ್ರಿಕೆಗಳು ಬರೆದಿದ್ದವು. ಶಿಬಿರಗಳು ನಡೆದಿದ್ದವು. ಹತ್ತು ಎಂಬುದು ಯಾರ ಹತ್ತು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅದು ಮೋಡದ ಸವಾರರ ಹತ್ತು, ಬೆಟ್ಟದಡಿಯ ಗುಹ್ಯಕರ ಹತ್ತು. ಆಟದಲ್ಲಿ ಮುಳುಗಿದವರ ನಾಡಿಯೂ ಪಾತ್ರದ ನಾಡಿಯಂತೆಯೇ ನಿಧಾನವಾಗಿ ಬಡಿದಿತ್ತು. ಯಂತ್ರ ಅದನ್ನೇ ಸಾಧಾರಣ ಮನುಷ್ಯರ ನಾಡಿ ಎಂದು ಕಲಿತುಕೊಂಡಿತ್ತು. ಇಲ್ಲದವರ ಪಕ್ಕದಲ್ಲಿ ನಿಲ್ಲಿಸಿ ಇದ್ದವರೆಲ್ಲರನ್ನೂ ಗಿಡ್ಡರೆಂದು ಬರೆದುಕೊಡಲಾಗಿತ್ತು.

"ಪದ್ಧತಿ ನನಗ ಗೊತ್ತಿತ್ತು," ಎಂದರು ನೀಲಾಂಬಿಕಾ. "ನಾನೂ ಇಲ್ಲೇ ಆಡತಿದ್ದೆ. ಹೊಳೀಲಿಲ್ಲ ನೋಡು." ನೀರು ಕುಡಿದು, ಮುಖ ಒರೆಸಿಕೊಂಡು, ನೆಟ್ಟಗೆ ಕೂತರು. "ಆತು. ಮಾಪನ ತಿದ್ದತೀನಿ. ಅಂದಾಜು ಹೇಳಬೇಕಂದ್ರ ನಿನ್ನ ಐದು ಒಂಬತ್ತೂವರಿ ಆಗತೈತಿ. ಈಗ ಕುಂತು ಪತ್ರ ಬರಕೊಡ್ತೀನಿ. ಮಂಗಳವಾರ ನಿನಗ ಪಟ್ಟಿ ಕೊಡಲಾರದ ದಾರಿ ಇಲ್ಲ ಅವರಿಗೆ."

ಸಾವಂತ್ರಿ ಬಂದದ್ದೇ ಅದಕ್ಕೆ. ಒಂಬತ್ತೂವರೆ. ಹೌದು ಎಂದರೆ ಮುಗಿಯಿತು. ಅವಳು ಬಾಯಿ ತೆರೆದಳು. ಬಂದ ಮಾತು ಬೇರೆ.

"ತಿದ್ದಿದ ಮ್ಯಾಲೂ ಎಂಟು ಬಂದವರು?"

"ಎಂಟು ಬಂದ್ರ ಎಂಟ."

"ಅವರು ಕೆಳಗ ಇರಬೇಕು."

"ಈ ಸಲ ಖರೇ ಮಂದಿ ಸರಾಸರಿಗೆ ಹೋಲಿಸಿರ್ತೀವಿ. ಅನ್ಯಾಯ ಆಗಂಗಿಲ್ಲ."

"ಕಂಬ ಸರಾಸರಿ ಹತ್ತಂಗಿಲ್ರಿ. ಒಬ್ಬೊಬ್ಬರು ಹತ್ತತಾರ." ದನಿ ನಡುಗುತ್ತಿತ್ತು. ಹಲಗೆಯ ಮೇಲೆ ಕೈ ಇದ್ದಿದ್ದರೆ ಅದು ಈಗ ಮೂರು ಎಂದು ಬರೆದುಕೊಳ್ಳುತ್ತಿತ್ತೇನೋ. "ನನಗ ಆ ಒಂಬತ್ತೂವರಿ ಬ್ಯಾಡ. ಆ ಪತ್ರಾನೂ ಬ್ಯಾಡ. ಈ ಅಂಚಿನ ಮಾತಿನವು ಒಂದಿಪ್ಪತ್ತು ಹಾಳಿ ಪ್ರತಿ ಮಾಡಿಸಿ ಕೊಡ್ರಿ. ಮತ್ತ ನಿಮ್ಮ ದಾಳ ಇಡ್ರಿ."

"ಒಂಬತ್ತೂವರಿ ಬಿಡ್ತೀ, ಐದೂ ಬಿಡ್ತೀ. ಏನ್ ಬರಕೋತೀ ಹಂಗಾದ್ರ?"

"ಏನೂ ಬರಕೊಳ್ಳಂಗಿಲ್ಲ."

ಬಾಷಾಸಾಬ ಪುಸ್ತಕವನ್ನು ಮೇಜಿನ ನಡುವಿಗೆ ಸರಿಸಿದರು. ನೀಲಾಂಬಿಕಾ ಮುಷ್ಟಿ ಬಿಚ್ಚಿದರು. ದಾಳದ ಮೂಲೆಗಳು ಅವರ ಅಂಗೈಯಲ್ಲಿ ಕೆಂಪಗೆ ಅಚ್ಚೊತ್ತಿದ್ದವು. ಪುಸ್ತಕದ ಮೇಲೆ ಅದನ್ನು ಇಟ್ಟು, ಬೆರಳನ್ನು ಒಂದು ಕ್ಷಣ ಅದರ ಮೇಲೆಯೇ ಇರಿಸಿ, ಆಮೇಲೆ ತೆಗೆದರು.

ಸಾವಂತ್ರಿ ಐದನ್ನು ಹೊಡೆದುಹಾಕಿದಳು. ಆವತ್ತು ಸಂಜೆಯೊಳಗೆ ಗುಹ್ಯಕಿ, ತಡೆಯುವ ಅಂಕಿಯಿಲ್ಲದೆ, ಬರೀ ದಾಳದ ಮೇಲೆ ಕೋಟೆಗೋಡೆಯಿಂದ ಎರಡು ಸಲ ಬಿದ್ದಳು, ಮೂರನೆಯ ಸಲ ಏರಿದಳು.

ಮಂಗಳವಾರ ಗುಡ್ಡದ ಬುಡದ ಅಂಗಳದಲ್ಲಿ ಕಂಪನಿಯ ಮೇಲ್ವಿಚಾರಕಿ ಶಿವಲೀಲಾ ತಳವಾರ ಹಾಳೆಯನ್ನು ಮೇಲೆ ಕೆಳಗೆ ನೋಡಿದಳು. ನಲವತ್ತು ದಾಟಿದ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ಸೊಂಟದಲ್ಲಿ ಹತ್ತಾರು ಕೊಂಡಿ.

"ಇಲ್ಲೇನೈತಿ?"

"ಏನೂ ಇಲ್ರಿ. ಹೊಡದು ಹಾಕೀನಿ."

"ಐದು ಇತ್ತು. ಹೊಡದ ಗೀಟಿನ ಕೆಳಗ ಕಾಣಾಕತೈತಿ."

"ಕಾಣಲಿ ಅಂತನ ಒಂದ ಗೀಟು ಹಾಕೀನಿ. ಆ ಐದು ಎಲ್ಲಿಂದ ಬಂತು ಅಂತ ಈ ಇಪ್ಪತ್ತು ಹಾಳಿಯೊಳಗ ಐತಿ. ಓದ್ರಿ."

ಶಿವಲೀಲಾ ನಿಂತಲ್ಲೇ ಓದಿದಳು. ಮೂರು ತಲೆಯ ಅರಸನ ಹತ್ತಿರ ಬಂದಾಗ ಹುಬ್ಬು ಏರಿತು. "ಇವರು ಹತ್ತು. ನಾ ಏಳು." ಹಾಳೆಗಳನ್ನು ಮಡಿಸಿ ಜೇಬಿನಲ್ಲಿಟ್ಟಳು. "ಯಂತ್ರ ಬರೂಕಿಂತ ಮೊದಲ ಸೇರೀನಿ ಅಂತ ನನ್ನನ್ನ ಇಟ್ಟುಕೊಂಡಾರ. ಹದಿನಾರು ವರ್ಷ ಹತ್ತಿದ ಮ್ಯಾಲ ಅಳದು ಏಳು ಅಂದ್ರು. ಆದ್ರೂ ನಿಯಮ ನಿಯಮ. ನಾ ಪಟ್ಟಿ ಕೊಟ್ಟು, ನೀ ಬಿದ್ರ?"

"ಹಗ್ಗ ಐತಲ್ರಿ. ಹದಿನೆಂಟು ಬಂದವರಿಗೂ ಹಗ್ಗ ಕಟ್ಟತೀರಿ."

ಶಿವಲೀಲಾ ಅವಳನ್ನು ದಿಟ್ಟಿಸಿದಳು. ಆಮೇಲೆ ಗೋಡೆಯ ಮೊಳೆಯಿಂದ ಒಂದು ಸೊಂಟಪಟ್ಟಿ ತೆಗೆದು ಎಸೆದಳು.

ಕಲಿಯುವವರ ಕಂಬ ಇಪ್ಪತ್ತನಾಲ್ಕು ಮೀಟರ್. ಅರ್ಧಕ್ಕೆ ಬಂದಾಗ ಸಾವಂತ್ರಿ ಮೆಟ್ಟಿಲನ್ನು ಎರಡೂ ಕೈಯಿಂದ ಅವುಚಿಕೊಂಡು ನಿಂತಳು. ಗಾಳಿ ಅಂಗಿಯೊಳಗೆ ನುಗ್ಗಿ ಹೊರಬರುತ್ತಿತ್ತು. ಅವಳು ಒಂದು ಮೆಟ್ಟಿಲು, ಒಂದು ಉಸಿರು, ಒಂದು ಕೊಂಡಿ ಎಂದುಕೊಳ್ಳುತ್ತ ಹತ್ತಿದಳು. ಮೇಲೆ ತಲುಪಿ ಹಗ್ಗ ಬಿಗಿದುಕೊಂಡಾಗ ಬಾಯಿಯಲ್ಲಿ ಕಬ್ಬಿಣದ ರುಚಿ ಇತ್ತು. ಕೆಳಗೆ ಎಲ್ಲ ಚಿಕ್ಕದಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು.

"ಹ್ಯಾಂಗೈತಿ?" ಎಂದು ಶಿವಲೀಲಾ ಕೂಗಿ ಕೇಳಿದಳು.

"ಭಾಳ ಅಂಜಿಕಿ ಬರಾಕತೈತಿ," ಎಂದು ಸಾವಂತ್ರಿ ಕೂಗಿದಳು. "ಯಾವ ಬೋಲ್ಟು ಮೊದಲ?"

ನೀಲಾಂಬಿಕಾ ಮಾಪನವನ್ನು ತಿದ್ದಲಿಲ್ಲ. ಪಡಿಯಚ್ಚನ್ನು ಆಟಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಬಾರದೆಂದು ಬಹಿರಂಗ ಪತ್ರ ಬರೆದರು. ಹತ್ತೊಂಬತ್ತು ವರ್ಷದಲ್ಲಿ ಅದನ್ನು ನಂಬಿ ಹಿಂದೆ ಸರಿದವರೆಲ್ಲರ ಕ್ಷಮೆ ಕೇಳಿದರು. ಹಲವರು ಹಲಗೆ ಹಿಂತಿರುಗಿಸಿದರು, ಹೆಚ್ಚಿನವರು ಹಿಂತಿರುಗಿಸಲಿಲ್ಲ. ಅಂಕಿ ಇದ್ದರೆ ಬೇಡ ಅನ್ನುವುದು ಸುಲಭ, ಆ ಸುಲಭವನ್ನು ಯಾರೂ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ವರ್ಷವೊಂದು ಜಗ್ಗಾಟವಾದ ಮೇಲೆ ಜಿಲ್ಲೆಯಲ್ಲಿ ಒಂದು ಸಣ್ಣ ನಿಯಮ ಬಂತು. ಮನುಷ್ಯರ ಗುಣಕ್ಕೆ ಅಂಕಿ ಹಾಕುವ ಯಾವ ಹಾಳೆಯಲ್ಲೇ ಆಗಲಿ, ಅಂಕಿಯ ಕೆಳಗೆ ಅದು ಯಾರಿಗೆ ಹೋಲಿಸಿದ್ದು ಎಂಬುದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ಹೊಸ ನಮೂನೆಗಳ ಕೆಲಸ ಬಾಷಾಸಾಬರ ಮುದ್ರಣಾಲಯಕ್ಕೇ ಬಂತು.

ರಜೆಯ ದಿನ ಸಾವಂತ್ರಿ ಅಲ್ಲಿಗೆ ಹೋದಾಗ ಅವರು ಹಳೆಯ ನಮೂನೆಗಳ ದಪ್ಪ ಪುಸ್ತಕವನ್ನು ಹರಡಿಕೊಂಡಿದ್ದರು. ತಂದೆಯ ಕಾಲದಿಂದ ಮುದ್ರಿಸಿದ್ದರ ಒಂದೊಂದು ಪ್ರತಿ ಅದರಲ್ಲಿ ಅಂಟಿಸಿತ್ತು.

"ಆ ಸಾಲು ಎಲ್ಲಿ ಕೂಡ್ರಸೂದು ಅಂತ ನೋಡಾಕತ್ತೀನಿ," ಎಂದರು. "ಹಳೇವುದರಾಗ ಯಾವುದರಾಗರ ಐತೇನು ನೋಡು."

ಅವಳು ಪುಟ ತಿರುವಿದಳು. ಎರಡು ಸಾವಿರದ ಇಪ್ಪತ್ತನಾಲ್ಕರ ಮದುವೆಯ ಪರಿಚಯಪತ್ರ: ಬಣ್ಣ, ಎತ್ತರ, ಸ್ವಭಾವ. ಇಪ್ಪತ್ತೈದರ ಕಚೇರಿಯ ನೌಕರರ ವಾರ್ಷಿಕ ಮೌಲ್ಯಮಾಪನ: ಮುಂದಾಳತ್ವಕ್ಕೆ ಐದರಲ್ಲಿ ಎಷ್ಟು. ಇಪ್ಪತ್ತಾರರ ಕಾಲೇಜು ಪ್ರವೇಶದ ಸಂದರ್ಶನ ಪಟ್ಟಿ: ಆತ್ಮವಿಶ್ವಾಸಕ್ಕೆ ಹತ್ತರಲ್ಲಿ ಎಷ್ಟು. ಎಲ್ಲಕ್ಕೂ ಅಚ್ಚುಕಟ್ಟಾದ ಚೌಕ, ಎಲ್ಲಕ್ಕೂ ಸಹಿ ಹಾಕುವ ಜಾಗ. ಯಾವುದರಲ್ಲೂ ಆ ಸಾಲು ಇರಲಿಲ್ಲ. ಆ ಕಾಲದಲ್ಲಿ ಹಲಗೆಯೂ ಇರಲಿಲ್ಲ. ಮೋಡದ ಸವಾರರಿಗೆ ಹೋಲಿಸಿದವರು ಬರೀ ಕಣ್ಣಿನಿಂದಲೇ ಹೋಲಿಸಿದ್ದರು.

ಅದೇ ವರ್ಷದ ಶಾಲೆಯ ಪ್ರಗತಿಪತ್ರವೊಂದು ಖಾಲಿ ನಮೂನೆಯಾಗಿರಲಿಲ್ಲ, ತುಂಬಿದ್ದಾಗಿತ್ತು. ನಾಲ್ಕನೆಯ ತರಗತಿ, ಯಾರೋ ಹುಡುಗಿ. ಹೆಸರಿನ ಮೇಲೆ ಅಂಟು ಹರಡಿ ಅಕ್ಷರ ಅಳಿಸಿತ್ತು. ಕನ್ನಡ, ಗಣಿತ, ಪರಿಸರ, ಎಲ್ಲದರಲ್ಲೂ ಒಳ್ಳೆಯ ಅಂಕ. ಕೊನೆಯಲ್ಲಿ ಕೆಂಪು ಶಾಯಿಯ ಷರಾ: 'ಅಂಜುಬುರುಕಿ. ಧೈರ್ಯ ಸಾಲದು. ಸುಧಾರಿಸಬೇಕು.'

ಸಾವಂತ್ರಿ ಬಾಷಾಸಾಬರ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಆ ಷರಾದ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಒತ್ತಿ ಬರೆದಳು: ಯಾರಿಗಿಂತ?